ಶಾಲೆಯ ಖರ್ಚು, ಭೂಮಿಯ ಲೆಕ್ಕ: ಪದೇ ಪದೇ ಕೇಳುವ ಪ್ರಶ್ನೆಗಳು

ಶಿಕ್ಷಣ ನೀತಿಯಲ್ಲಿ ದುಡ್ಡಿನ ಲೆಕ್ಕ ಎಷ್ಟಿರಬೇಕು, ಸುಸ್ಥಿರತೆಗೆ ಅದರಿಂದ ಏನಾಗುತ್ತೆ ಅನ್ನೋ ಮಾತು ಬಂದಾಗೆಲ್ಲ ಕೆಲವು ಪ್ರಶ್ನೆಗಳು ತಿರುಗಿ ತಿರುಗಿ ಬರುತ್ತವೆ. ಕೇಳಿದವರ ಮಾತನ್ನು ಹಾಗೇ ಇಟ್ಟು ಉತ್ತರ ಬರೆದಿದ್ದೇನೆ. ಮೊದಲು ಸುಲಭದ್ದು, ಆಮೇಲೆ ಕಷ್ಟದ್ದು. ಎಲ್ಲಿಂದ ಬೇಕಾದರೂ ಓದಬಹುದು. ನನ್ನ ಒಲವು ಯಾವ ಕಡೆ ಅಂತ ಬೇಗ ಗೊತ್ತಾಗುತ್ತೆ, ಮುಚ್ಚಿಡೋಕೆ ಹೋಗಿಲ್ಲ.

## ಮೊದಲಿಗೆ

ಪಾಠ ಹೇಳೋದು ಮೇಷ್ಟ್ರ ಕೆಲಸ. ಇದರಲ್ಲಿ ಅರ್ಥಶಾಸ್ತ್ರಜ್ಞರು ಯಾಕೆ ಮೂಗು ತೂರಿಸ್ತಾರೆ?

ಖರ್ಚು ಯಾರೋ ಕೊಡಲೇಬೇಕಲ್ಲ, ಅದಕ್ಕೆ. ಸರ್ಕಾರದ ಬಳಿ ಇರೋದು ಒಂದೇ ಬೊಕ್ಕಸ. ರಸ್ತೆ, ಆಸ್ಪತ್ರೆ, ಸೈನ್ಯ, ಶಾಲೆ ಎಲ್ಲಕ್ಕೂ ಅದರಿಂದಲೇ ಬರಬೇಕು. ಹಣಕಾಸು ಸಚಿವರ ಮುಂದೆ ಹೋಗಿ "ಮಕ್ಕಳ ಮನಸ್ಸು ಅರಳುತ್ತದೆ ಸ್ವಾಮಿ" ಅಂದರೆ ಅವರು ತಲೆಯಾಡಿಸಿ ಕಳಿಸುತ್ತಾರೆ. "ಇಷ್ಟು ಹಾಕಿದರೆ ಇಪ್ಪತ್ತು ವರ್ಷದಲ್ಲಿ ಇಷ್ಟು ತೆರಿಗೆ ವಾಪಸ್ ಬರುತ್ತೆ" ಅಂದರೆ ಫೈಲು ಮುಂದೆ ಹೋಗುತ್ತೆ. ಈ ಭಾಷೆಯಿಂದ ಶಾಲೆಗಳಿಗೆ ಸಾಕಷ್ಟು ದುಡ್ಡು ಸಿಕ್ಕಿದೆ, ಅದನ್ನು ಮರೆಯಬಾರದು. ಆದರೆ ದುಡ್ಡು ಕೇಳೋಕೆ ಅಂತ ಕಲಿತ ಭಾಷೆ ನಿಧಾನವಾಗಿ ಶಾಲೆ ಯಾಕಿದೆ ಅನ್ನೋದಕ್ಕೂ ಉತ್ತರವಾಗಿಬಿಟ್ಟಿತು. ನನ್ನ ತಕರಾರು ಇರೋದು ಅಲ್ಲಿ.

"ಮಾನವ ಬಂಡವಾಳ" ಅಂತ ಎಲ್ಲ ಕಡೆ ಕೇಳ್ತೀವಿ. ಇದನ್ನ ಶುರು ಮಾಡಿದ್ದು ಯಾರು?

ಬೀಜ ಹಳೆಯದು. 1776ರಲ್ಲೇ ಆಡಂ ಸ್ಮಿತ್ ಜನರು ಕಲಿತ ಕೌಶಲವನ್ನು ದೇಶದ ಸ್ಥಿರ ಬಂಡವಾಳದ ಪಟ್ಟಿಗೆ ಸೇರಿಸಿದ್ದರು. ಆದರೆ ನೀತಿಯ ಮಟ್ಟಕ್ಕೆ ಅದು ಬಂದದ್ದು 1960ರ ಸುಮಾರಿಗೆ. ಆ ವರ್ಷ ಥಿಯೊಡರ್ ಶುಲ್ಟ್ಸ್ ಅಮೆರಿಕದ ಅರ್ಥಶಾಸ್ತ್ರಜ್ಞರ ಸಂಘದ ಅಧ್ಯಕ್ಷ ಭಾಷಣದಲ್ಲಿ, ಓದಿಗೆ ಹಾಕುವ ದುಡ್ಡು ಖರ್ಚಲ್ಲ, ಹೂಡಿಕೆ ಅಂತ ವಾದಿಸಿದರು. ಜೇಕಬ್ ಮಿನ್ಸರ್ ಓದಿನ ವರ್ಷಕ್ಕೂ ಸಂಬಳಕ್ಕೂ ಇರುವ ನಂಟನ್ನು ಸಮೀಕರಣಕ್ಕೆ ಇಳಿಸಿದರು. ಗ್ಯಾರಿ ಬೆಕರ್ 1964ರಲ್ಲಿ ಇಡೀ ಸಿದ್ಧಾಂತವನ್ನು ಕಟ್ಟಿ ನಿಲ್ಲಿಸಿದರು. ಶುಲ್ಟ್ಸ್‌ಗೆ 1979ರಲ್ಲಿ, ಬೆಕರ್‌ಗೆ 1992ರಲ್ಲಿ ನೊಬೆಲ್ ಬಂತು. 2018ರಲ್ಲಿ ವಿಶ್ವಬ್ಯಾಂಕ್ ಮಾನವ ಬಂಡವಾಳ ಸೂಚ್ಯಂಕವನ್ನೇ ಹೊರತಂದಿತು. ಪೂರ್ಣ ಶಿಕ್ಷಣ, ಪೂರ್ಣ ಆರೋಗ್ಯ ಸಿಕ್ಕಿದ್ದರೆ ಆಗಬಹುದಾಗಿದ್ದ ಉತ್ಪಾದಕತೆಯಲ್ಲಿ, ಇವತ್ತು ಹುಟ್ಟಿದ ಮಗು ಮುಂದೆ ಎಷ್ಟು ಪಾಲು ಮುಟ್ಟುತ್ತದೆ ಅಂತ ಅದು 0ಯಿಂದ 1ರ ಒಳಗಿನ ಒಂದು ಅಂಕಿಯಲ್ಲಿ ಹೇಳುತ್ತದೆ. ಮಗು ಇನ್ನೂ ತೊಟ್ಟಿಲಲ್ಲಿದೆ, ಉತ್ಪಾದಕತೆ ಆಗಲೇ ಸಿದ್ಧ.

ಜಾಸ್ತಿ ಓದಿದ್ರೆ ಜಾಸ್ತಿ ಸಂಬಳ ಅನ್ನೋದು ನಿಜಾನಾ, ಸುಮ್ನೆ ಹೇಳ್ತಾರಾ?

ನಿಜ. ಬೇರೆ ಬೇರೆ ದೇಶಗಳ ಅಂಕಿಅಂಶ ಒಟ್ಟು ಹಾಕಿದ 2018ರ ವಿಶ್ವಬ್ಯಾಂಕ್ ಪರಿಶೀಲನೆಯ ಪ್ರಕಾರ, ಒಂದು ವರ್ಷ ಜಾಸ್ತಿ ಓದಿದರೆ ಗಳಿಕೆ ಸರಾಸರಿ ಶೇ 9ರಷ್ಟು ಹೆಚ್ಚುತ್ತದೆ. ಹೆಣ್ಣುಮಕ್ಕಳಿಗೆ ಇನ್ನೂ ಸ್ವಲ್ಪ ಜಾಸ್ತಿ. ಯಾಕೆ ಹೆಚ್ಚುತ್ತದೆ ಅನ್ನೋದರಲ್ಲಿ ಮಾತ್ರ ಅರ್ಥಶಾಸ್ತ್ರಜ್ಞರಲ್ಲೇ ಒಮ್ಮತ ಇಲ್ಲ. ಮೈಕೆಲ್ ಸ್ಪೆನ್ಸ್ 1973ರಲ್ಲಿ ಬೇರೆಯೇ ವಿವರಣೆ ಕೊಟ್ಟರು. ಪದವಿ ನಿಮಗೆ ಏನೂ ಕಲಿಸದೇ ಇರಬಹುದು, "ಈ ಹುಡುಗ ಹಟ ಹಿಡಿದು ಮುಗಿಸಬಲ್ಲ" ಅನ್ನೋ ಸಿಗ್ನಲ್ ಮಾತ್ರ ಕೊಡಬಹುದು, ಕೆಲಸ ಕೊಡುವವನಿಗೆ ಅಷ್ಟೇ ಸಾಕು ಅಂತ. ಎರಡರಲ್ಲೂ ಸ್ವಲ್ಪ ಸ್ವಲ್ಪ ಸತ್ಯ ಇದೆ ಅನ್ನಿಸುತ್ತೆ. ಆದರೆ ಸಿಗ್ನಲ್ ಭಾಗ ದೊಡ್ಡದಾದಷ್ಟೂ ನೀತಿಗೆ ತಲೆನೋವು. ನಿನ್ನೆ ಡಿಗ್ರಿ ಕೇಳುತ್ತಿದ್ದ ಕೆಲಸಕ್ಕೆ ನಾಳೆ ಮಾಸ್ಟರ್ಸ್ ಕೇಳುತ್ತಾರೆ, ಎಲ್ಲರೂ ಇನ್ನೆರಡು ವರ್ಷ ಓದುತ್ತಾರೆ, ಸಾಲಿನಲ್ಲಿ ಯಾರ ಜಾಗವೂ ಬದಲಾಗಲ್ಲ.

ಸುಸ್ಥಿರತೆ ಅಂದ್ರೆ ಗಿಡ ನೆಡೋದು, ಪ್ಲಾಸ್ಟಿಕ್ ಬಿಡೋದು ತಾನೇ?

ಅದು ತೀರಾ ಚಿಕ್ಕ ಭಾಗ. 1987ರಲ್ಲಿ ವಿಶ್ವಸಂಸ್ಥೆಯ ಬ್ರಂಟ್‌ಲ್ಯಾಂಡ್ ಆಯೋಗದ ವರದಿ ಕೊಟ್ಟ ಅರ್ಥವನ್ನೇ ಇವತ್ತಿಗೂ ಎಲ್ಲರೂ ಬಳಸುತ್ತಾರೆ: ಮುಂದಿನ ಪೀಳಿಗೆಯವರು ತಮ್ಮ ಅಗತ್ಯ ಪೂರೈಸಿಕೊಳ್ಳುವ ಶಕ್ತಿಯನ್ನು ಕಿತ್ತುಕೊಳ್ಳದೆ ನಮ್ಮ ಅಗತ್ಯ ಪೂರೈಸಿಕೊಳ್ಳುವುದು. ಇಲ್ಲಿ ನ್ಯಾಯದ ಪ್ರಶ್ನೆ ಇದೆ, ಹಂಚಿಕೆಯ ಪ್ರಶ್ನೆ ಇದೆ, ಎಷ್ಟಾದರೆ ಸಾಕು ಅನ್ನೋ ಪ್ರಶ್ನೆಯೂ ಇದೆ. ಗಿಡ ನೆಟ್ಟು ಫೋಟೋ ತೆಗೆಸಿಕೊಂಡರೆ ಆ ಮೂರನೆಯ ಪ್ರಶ್ನೆಯಿಂದ ಆರಾಮಾಗಿ ತಪ್ಪಿಸಿಕೊಳ್ಳಬಹುದು.

## ಸ್ವಲ್ಪ ಒಳಗೆ ಹೋದರೆ

ಓದಿದವರೇ ತಾನೇ ಪರಿಸರ ಉಳಿಸೋದು? ಹಾಗಾದ್ರೆ ಜಗಳ ಎಲ್ಲಿ?

ಅರ್ಧ ಒಪ್ಪುತ್ತೇನೆ. ಹೆಣ್ಣುಮಕ್ಕಳು ಓದಿದ ಕಡೆ ಹುಟ್ಟುವ ಮಕ್ಕಳ ಸಂಖ್ಯೆ ಇಳಿದಿದೆ, ಮಕ್ಕಳ ಸಾವು ಕಡಿಮೆಯಾಗಿದೆ. ಹವಾಮಾನ ಬದಲಾವಣೆಯ ವಿಜ್ಞಾನವೂ ಓದಿದವರ ಶ್ರಮವೇ.

ಇನ್ನರ್ಧ ಅಷ್ಟು ಹಿತವಾಗಿಲ್ಲ. ಓದಿನಿಂದ ಸಂಬಳ ಏರುತ್ತೆ, ಸಂಬಳದ ಜೊತೆ ಮನೆ ದೊಡ್ಡದಾಗುತ್ತೆ, ಕಾರು ಬರುತ್ತೆ, ವಿಮಾನ ಬರುತ್ತೆ. ತಲಾ ಇಂಗಾಲ ಜಾಸ್ತಿ ಉಗುಳುವ ದೇಶಗಳ ಪಟ್ಟಿ ತೆಗೆದು ನೋಡಿ, ಅನಕ್ಷರತೆಗೆ ಹೆಸರಾದ ದೇಶಗಳು ಅದರ ಮೇಲ್ತುದಿಯಲ್ಲಿ ಇರಲ್ಲ. 2020ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮ ಒಂದು ಪ್ರಯೋಗ ಮಾಡಿತು. ಮಾನವ ಅಭಿವೃದ್ಧಿ ಸೂಚ್ಯಂಕದಲ್ಲಿ ಆಯಸ್ಸು, ಓದು, ಆದಾಯ ಮೂರೂ ಇರುತ್ತವೆ ಅಲ್ವಾ, ಅದರ ಮೇಲೆ ಇಂಗಾಲದ ಹೊರೆ ಮತ್ತು ಸಂಪನ್ಮೂಲ ಬಳಕೆಯ ಹೊರೆಯನ್ನೂ ಹಾಕಿ ನೋಡಿದರು. ಮೊದಲ ಸ್ಥಾನದಲ್ಲಿದ್ದ ನಾರ್ವೆ 15 ಸ್ಥಾನ ಕೆಳಗಿಳಿಯಿತು. ಅಲ್ಲಿನ ಶಾಲೆಗಳು ಕೆಟ್ಟವು ಅಂತಲ್ಲ. ಒಳ್ಳೆ ಶಾಲೆ ಇದ್ದ ಮಾತ್ರಕ್ಕೆ ಹಗುರ ಬದುಕು ತಾನಾಗಿ ಬರಲ್ಲ ಅಂತ.

ಹಾಗಾಗಿ ಜಗಳ ಓದಿಗೂ ಪರಿಸರಕ್ಕೂ ಅಲ್ಲ. ಗಳಿಕೆಗೆ ಮಾತ್ರ ಅಳವಡಿಸಿದ ಓದಿಗೂ ಪರಿಸರಕ್ಕೂ.

ವಿಶ್ವಸಂಸ್ಥೆಯ ಗುರಿಗಳಲ್ಲಿ ಎರಡೂ ಇದೆಯಲ್ಲ, ಮತ್ತೇನು ತಕರಾರು?

ಇದೆ, ಒಂದೇ ಮನೆಯಲ್ಲಿ ಇದೆ. 2015ರಲ್ಲಿ ಒಪ್ಪಿದ 17 ಗುರಿಗಳಲ್ಲಿ ನಾಲ್ಕನೆಯದು ಶಿಕ್ಷಣ. ಅದರೊಳಗೆ 4.4 ಹೇಳುವುದು ಉದ್ಯೋಗ ಮತ್ತು ಉದ್ಯಮಕ್ಕೆ ಬೇಕಾದ ಕೌಶಲದ ಬಗ್ಗೆ. 4.7 ಹೇಳುವುದು ಸುಸ್ಥಿರ ಬದುಕು, ಮಾನವ ಹಕ್ಕು, ಶಾಂತಿ ಇತ್ಯಾದಿ ಕಲಿಸುವ ಬಗ್ಗೆ. ಸ್ವಲ್ಪ ಮುಂದೆ 8.1ಕ್ಕೆ ಹೋದರೆ ಆರ್ಥಿಕ ಬೆಳವಣಿಗೆಯ ಗುರಿ: ಅತಿ ಹಿಂದುಳಿದ ದೇಶಗಳಿಗೆ ವರ್ಷಕ್ಕೆ ಕನಿಷ್ಠ ಶೇ 7.

ಕಾಗದದ ಮೇಲೆ ಎಲ್ಲಕ್ಕೂ ಸಮಾನ ಮರ್ಯಾದೆ. ಆದರೆ ಅಳೆಯೋದು ಹೇಗೆ ನೋಡಿ. 8.1ಕ್ಕೆ ಒಂದೇ ಸಂಖ್ಯೆ, ತಲಾ ಜಿಡಿಪಿ ಬೆಳವಣಿಗೆ ದರ. ಪ್ರತಿ ದೇಶದಲ್ಲೂ ಅದನ್ನು ಲೆಕ್ಕ ಹಾಕುವ ಇಲಾಖೆ ಆಗಲೇ ಇದೆ, ಇಳಿದರೆ ಮರುದಿನ ಸುದ್ದಿಯಾಗುತ್ತೆ. 4.7ಕ್ಕೆ ಇರೋದು ನೀತಿಯಲ್ಲಿ, ಪಠ್ಯಕ್ರಮದಲ್ಲಿ, ಶಿಕ್ಷಕರ ತರಬೇತಿಯಲ್ಲಿ, ಮಕ್ಕಳ ಮೌಲ್ಯಮಾಪನದಲ್ಲಿ ಈ ವಿಷಯ ಎಷ್ಟು ಸೇರಿದೆ ಅನ್ನೋ ಪ್ರಶ್ನಾವಳಿ. ತುಂಬುವುದು ಸರ್ಕಾರಗಳೇ. ತನ್ನ ಉತ್ತರಪತ್ರಿಕೆಗೆ ತಾನೇ ಅಂಕ ಹಾಕಿಕೊಳ್ಳುವಾಗ ಯಾರು ತಾನೇ ಕಡಿಮೆ ಹಾಕಿಕೊಳ್ಳುತ್ತಾರೆ?

ಅಳತೆ ಇಲ್ದಿದ್ರೆ ದುಡ್ಡು ಪೋಲಾಗಲ್ವಾ? ಫಲಿತಾಂಶ ನೋಡಿ ದುಡ್ಡು ಕೊಡೋದ್ರಲ್ಲಿ ಏನ್ ತಪ್ಪು?

ಇದನ್ನು ಮಾಡಿ ನೋಡಿಯಾಗಿದೆ, ಅದೂ ಒಂದೂವರೆ ಶತಮಾನದ ಹಿಂದೆ. 1862ರಲ್ಲಿ ಇಂಗ್ಲೆಂಡಿನಲ್ಲಿ ರಾಬರ್ಟ್ ಲೋ ಅನ್ನೋರು "ಫಲಿತಾಂಶಕ್ಕೆ ತಕ್ಕ ಹಣ" ಪದ್ಧತಿ ತಂದರು. ಇನ್ಸ್‌ಪೆಕ್ಟರ್ ಶಾಲೆಗೆ ಬರುತ್ತಾರೆ, ಪ್ರತಿ ಮಗುವಿನ ಓದು, ಬರಹ, ಲೆಕ್ಕ ಪರೀಕ್ಷಿಸುತ್ತಾರೆ. ಒಂದು ವಿಷಯದಲ್ಲಿ ಮಗು ಫೇಲಾದರೆ ಶಾಲೆಯ ಅನುದಾನದಲ್ಲಿ 2 ಶಿಲಿಂಗ್ 8 ಪೆನ್ಸ್ ಕಟ್. ಏನಾಯಿತು? ಚರಿತ್ರೆ, ಭೂಗೋಳದಂಥ ದುಡ್ಡು ಬರದ ವಿಷಯಗಳು ಹಿಂದೆ ಸರಿದವು. ಓದುವ ಪುಸ್ತಕವನ್ನೇ ಬಾಯಿಪಾಠ ಮಾಡಿಸಿದರು. 1890ರ ದಶಕದಲ್ಲಿ ಇಡೀ ಪದ್ಧತಿ ಕೈಬಿಟ್ಟರು.

ಆದರೂ ಪಾಠ ಯಾರೂ ಕಲಿತಂತಿಲ್ಲ. 2002ರಲ್ಲಿ ಅಮೆರಿಕ ತಂದ ಕಾನೂನು 3ರಿಂದ 8ನೇ ತರಗತಿವರೆಗೆ ಪ್ರತಿ ವರ್ಷ ಓದು ಮತ್ತು ಗಣಿತದ ಪರೀಕ್ಷೆ ಕಡ್ಡಾಯ ಮಾಡಿತು, ಅಂಕ ಏರದ ಶಾಲೆಗೆ ಶಿಕ್ಷೆ ಇಟ್ಟಿತು. 2011ರಲ್ಲಿ ಅಟ್ಲಾಂಟಾದ ತನಿಖಾ ವರದಿ ಹೊರಬಂದಾಗ 44 ಶಾಲೆಗಳಲ್ಲಿ ಉತ್ತರ ತಿದ್ದಿದ್ದು ಗೊತ್ತಾಯಿತು. ಶಿಕ್ಷಕರು, ಮುಖ್ಯಶಿಕ್ಷಕರು ಸೇರಿ 178 ಜನರ ಹೆಸರು ಅದರಲ್ಲಿತ್ತು.

ಅಳತೆಯೇ ಬೇಡ ಅಂತ ನಾನು ಹೇಳಲ್ಲ. ಮಗುವಿಗೆ ಓದೋಕೆ ಬರುತ್ತಾ ಇಲ್ವಾ ಅಂತ ಗೊತ್ತಾಗಲೇಬೇಕು, ಇಲ್ಲಾಂದ್ರೆ ಮೋಸ ಹೋಗೋದು ಬಡವರ ಮಕ್ಕಳೇ. ಆದರೆ ಅಳತೆಯ ಹಿಂದೆ ದುಡ್ಡು, ಕೆಲಸ, ಮಾನ ಎಲ್ಲವನ್ನೂ ಕಟ್ಟಿದರೆ ಅಳೆಯೋಕೆ ಸಿಗದ್ದು ಮೊದಲು ಸಾಯುತ್ತೆ. ಸುಸ್ಥಿರತೆಯಲ್ಲಿ ಮುಖ್ಯವಾದದ್ದು ಬಹುಪಾಲು ಈ ಅಳೆಯೋಕೆ ಸಿಗದ ಗುಂಪಿನದೇ: ಮೂವತ್ತು ವರ್ಷ ಆಚೆಗೆ ಯೋಚಿಸುವ ಅಭ್ಯಾಸ, ಸಾಕು ಅನ್ನುವ ಶಕ್ತಿ, ನಾಲ್ಕು ಜನ ಕೂತು ಒಂದು ಕೆರೆಯ ಬಗ್ಗೆ ತೀರ್ಮಾನಕ್ಕೆ ಬರೋದು.

ಪಿಸಾ ಪರೀಕ್ಷೆಗೆ ಯಾಕಷ್ಟು ಬೆಲೆ? ಅದರಲ್ಲಿ ಪರಿಸರದ ಪ್ರಶ್ನೆಗಳೂ ಬರ್ತಾವಂತಲ್ಲ?

ಪಿಸಾ ನಡೆಸೋದು ಓಇಸಿಡಿ, ಬಹುಪಾಲು ಶ್ರೀಮಂತ ದೇಶಗಳ ಒಕ್ಕೂಟ. ಈ ಒಕ್ಕೂಟ ಹುಟ್ಟಿದ್ದೇ ಆರ್ಥಿಕ ಸಹಕಾರಕ್ಕೆ, 1961ರಲ್ಲಿ. 2000ದಿಂದ 15 ವರ್ಷದ ಮಕ್ಕಳಿಗೆ ಓದು, ಗಣಿತ, ವಿಜ್ಞಾನದಲ್ಲಿ ಪರೀಕ್ಷೆ ಇಡುತ್ತಿದೆ, ದೇಶಗಳ ಪಟ್ಟಿ ಹೊರಬರುತ್ತೆ. 2001ರಲ್ಲಿ ಮೊದಲ ಫಲಿತಾಂಶ ಬಂದಾಗ ಜರ್ಮನಿಯಲ್ಲಿ ಎಷ್ಟು ಗಲಾಟೆ ಆಯಿತು ಅಂದರೆ "ಪಿಸಾ ಶಾಕ್" ಅನ್ನೋ ಹೆಸರೇ ಬಿತ್ತು. 2025ರ ಸುತ್ತಿನ ವಿಜ್ಞಾನ ಚೌಕಟ್ಟಿನಲ್ಲಿ ಪರಿಸರದ ವಿಷಯದಲ್ಲಿ ತಿಳಿದು ಹೆಜ್ಜೆ ಇಡುವ ಶಕ್ತಿಯನ್ನೂ ಸೇರಿಸಿದ್ದಾರೆ. ಒಳ್ಳೆಯದೇ. ಆದರೆ ರ‍್ಯಾಂಕ್ ಪಟ್ಟಿಯ ಸ್ವಭಾವ ಬೇರೆ. ಪಕ್ಕದ ದೇಶವನ್ನು ಹಿಂದೆ ಹಾಕಲು ಪರಿಸರಪ್ರಜ್ಞೆಗೆ ಕೋಚಿಂಗ್ ಶುರುವಾದರೆ ನನಗಂತೂ ಆಶ್ಚರ್ಯ ಆಗಲ್ಲ.

ಶಾಲೆಗಳ ನಡುವೆ ಪೈಪೋಟಿ ಇಟ್ರೆ ಎಲ್ಲ ತಾನೇ ಸರಿಹೋಗಲ್ವಾ?

ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್ 1955ರಲ್ಲಿ ವೋಚರ್ ಪರವಾಗಿ, ಅಂದರೆ ಪೋಷಕರು ಆರಿಸಿದ ಶಾಲೆಗೆ ಸರ್ಕಾರದ ಹಣ ಹೋಗುವ ಪದ್ಧತಿಯ ಪರವಾಗಿ, ಬರೆದದ್ದು ಈ ನಂಬಿಕೆಯಿಂದಲೇ. ಚಿಲಿ 1981ರಲ್ಲಿ ಇಡೀ ದೇಶಕ್ಕೆ ಅದನ್ನು ತಂದಿತು. 2011ರಲ್ಲಿ ಅಲ್ಲಿನ ವಿದ್ಯಾರ್ಥಿಗಳು ಬೀದಿಗಿಳಿದು ತಿಂಗಳುಗಟ್ಟಲೆ ಹೋರಾಡಿದರು, 2015ರ ಕಾನೂನು ಸರ್ಕಾರಿ ಹಣ ಪಡೆಯುವ ಶಾಲೆಗಳು ಲಾಭ ಮಾಡುವುದನ್ನು ನಿಲ್ಲಿಸಿತು. ಸುಸ್ಥಿರತೆಯ ಕಡೆಯಿಂದ ನೋಡಿದರೆ ಸಮಸ್ಯೆ ಸರಳ. ಪೈಪೋಟಿಯಲ್ಲಿ ಪೋಷಕರ ಕಣ್ಣಿಗೆ ಬೀಳುವುದು ಗೆಲ್ಲುತ್ತೆ: ಅಂಕ, ಕಟ್ಟಡ, ಮುಂದೆ ಸಿಗುವ ಸೀಟು. ಮುಂದಿನ ಪೀಳಿಗೆ ಅಡ್ಮಿಷನ್ ಫಾರಂ ತುಂಬೋಕೆ ಬರಲ್ಲ.

## ಲೆಕ್ಕದ ಒಳಗೆ

ಡಿಸ್ಕೌಂಟ್ ರೇಟ್ ಅಂತ ಹೆದರಿಸ್ತಾರೆ. ಅದಕ್ಕೂ ಮಕ್ಕಳ ಓದಿಗೂ ಏನ್ ಸಂಬಂಧ?

ಹೆದರಬೇಡಿ, ಬಡ್ಡಿ ಲೆಕ್ಕವನ್ನು ಹಿಂದಕ್ಕೆ ಮಾಡೋದು ಅಷ್ಟೇ. ಮುಂದೆಂದೋ ಸಿಗುವ 100ಕ್ಕೆ ಇವತ್ತಿನ ಬೆಲೆ ಎಷ್ಟು ಅನ್ನೋದು ಪ್ರಶ್ನೆ. 50 ವರ್ಷದ ನಂತರದ 100 ತಗೊಳ್ಳಿ. ದರ ಶೇ 1.4 ಇದ್ದರೆ ಅದರ ಇವತ್ತಿನ ಬೆಲೆ ಸುಮಾರು 50. ಶೇ 5 ಆದರೆ 9ಕ್ಕಿಂತ ಕಡಿಮೆ. ಶೇ 10 ಆದರೆ 1 ಕೂಡ ಇಲ್ಲ.

ಶೇ 1.4 ಅನ್ನೋದು 2006ರ ಸ್ಟರ್ನ್ ವರದಿ ಹವಾಮಾನದ ಲೆಕ್ಕಕ್ಕೆ ಬಳಸಿದ ದರ. ಅದು ತೀರಾ ಕಡಿಮೆಯಾಯಿತು ಅಂತ ವಿಲಿಯಂ ನಾರ್ಡ್‌ಹೌಸ್ ಮತ್ತಿತರ ಅರ್ಥಶಾಸ್ತ್ರಜ್ಞರು ಜಗಳ ತೆಗೆದರು. ಅಭಿವೃದ್ಧಿ ಯೋಜನೆಗಳಿಗೆ ಸಾಲ ಕೊಡುವಾಗ ವಿಶ್ವಬ್ಯಾಂಕ್ ಬಹಳ ಕಾಲ ಬಳಸುತ್ತಿದ್ದದ್ದು ಶೇ 10ರಿಂದ 12. ಅಂದರೆ ಹೆಚ್ಚಿನ ದರದಲ್ಲಿ ನೋಡಿದರೆ 50 ವರ್ಷ ಆಚೆಗಿನದು ಇದ್ದೂ ಇಲ್ಲದಂತೆ.

ಈಗ ಒಂದನೇ ತರಗತಿಯ ಮಗುವನ್ನು ನೆನೆಸಿಕೊಳ್ಳಿ. ವಯಸ್ಸು 6. 50 ವರ್ಷದ ನಂತರ ಅದಕ್ಕೆ 56, ಇನ್ನೂ ಕೆಲಸಕ್ಕೆ ಹೋಗುತ್ತಿರುತ್ತೆ. ಮುಂದಿನ ಪೀಳಿಗೆ, ಹುಟ್ಟಿರದ ಮಕ್ಕಳು ಅಂತೆಲ್ಲ ದೂರ ಹೋಗೋದೇ ಬೇಡ. ಯಾವ ಮಗುವಿನ ಹೆಸರಲ್ಲಿ ಹೂಡಿಕೆ ಅಂತ ಹೇಳಿದರೋ, ಅದೇ ಮಗುವಿನ ನಡುವಯಸ್ಸಿನ ಬಿಸಿಲು, ನೀರು, ಗಾಳಿ ಎಲ್ಲ ಆ ಲೆಕ್ಕದಲ್ಲಿ ಸೊನ್ನೆಗೆ ಹತ್ತಿರ ಬಂದಿರುತ್ತೆ. 25ನೇ ವಯಸ್ಸಿನ ಸಂಬಳ ಮಾತ್ರ ದಪ್ಪಗೆ ಕಾಣುತ್ತೆ.

ಕಾಡು ಕಡಿದು ಬಂದ ದುಡ್ಡಲ್ಲಿ ಮಕ್ಕಳನ್ನ ಓದಿಸಿದ್ರೆ ಲೆಕ್ಕ ಸರಿಹೋಯ್ತಲ್ವಾ?

ಸರಿಹೋಗುತ್ತೆ ಅಂತ ಹೇಳುವ ಲೆಕ್ಕಪುಸ್ತಕವೇ ಇದೆ! ವಿಶ್ವಬ್ಯಾಂಕಿನ "ಹೊಂದಿಸಿದ ನಿವ್ವಳ ಉಳಿತಾಯ" ಅನ್ನೋ ಅಳತೆ ನೋಡಿ. ದೇಶದ ನಿವ್ವಳ ಉಳಿತಾಯಕ್ಕೆ ಶಿಕ್ಷಣದ ಖರ್ಚು ಕೂಡಿಸುತ್ತಾರೆ. ಆಮೇಲೆ ಇಂಧನ, ಖನಿಜ, ಅರಣ್ಯ ಕರಗಿದ್ದರ ಬೆಲೆ ಮತ್ತು ಮಾಲಿನ್ಯದ ಹಾನಿ ಕಳೆಯುತ್ತಾರೆ. ಉತ್ತರ ಸೊನ್ನೆಗಿಂತ ಮೇಲಿದ್ದರೆ ದೇಶ ಸುಸ್ಥಿರ ದಾರಿಯಲ್ಲಿದೆ ಅಂತ ಓದಿಕೊಳ್ಳುತ್ತಾರೆ.

ಪ್ರಕೃತಿಯನ್ನು ಲೆಕ್ಕಕ್ಕೇ ಹಿಡಿಯದ ಜಿಡಿಪಿಗಿಂತ ಇದು ಎಷ್ಟೋ ವಾಸಿ, ಒಪ್ಪೋಣ. ಆದರೆ ಹತ್ತಿರದಿಂದ ನೋಡಿ. 100ರ ಮರ ಹೋಯಿತು, ಮೇಷ್ಟ್ರ ಸಂಬಳಕ್ಕೆ 100 ಕೊಟ್ಟರು, ಎರಡೂ ವಜಾ. ಆ ಸಂಬಳದಲ್ಲಿ ಮಕ್ಕಳು ಏನಾದರೂ ಕಲಿತರಾ ಅಂತ ಈ ಅಳತೆ ಕೇಳಲ್ಲ, ಖರ್ಚಾದರೆ ಸಾಕು. ಏನು ಕಲಿತರು ಅಂತಲೂ ಕೇಳಲ್ಲ. ಇನ್ನೂ ಚುರುಕಾಗಿ ಮರ ಕಡಿಯೋದನ್ನು ಕಲಿತಿದ್ದರೂ ಅದು ಕೂಡುವ ಕಾಲಂನಲ್ಲೇ ಬರುತ್ತೆ.

ಇದರ ಹಿಂದಿರುವ ನಂಬಿಕೆಗೆ ದುರ್ಬಲ ಸುಸ್ಥಿರತೆ ಅಂತ ಹೆಸರು. ಒಂದು ಬಗೆಯ ಬಂಡವಾಳ ಕಡಿಮೆಯಾದರೆ ಇನ್ನೊಂದು ಬಗೆಯದು ಅದರ ಜಾಗ ತುಂಬುತ್ತೆ, ಒಟ್ಟು ಮೊತ್ತ ಕರಗದಿದ್ದರೆ ಸಾಕು ಅನ್ನೋದು. ಇದಕ್ಕೆ ಎದುರು ನಿಂತವರು ಪರಿಸರದ ಅರ್ಥಶಾಸ್ತ್ರಜ್ಞ ಹರ್ಮನ್ ಡೇಲಿ ಮತ್ತವರ ಜೊತೆಯವರು. ಮೀನುಗಾರರು ಎಷ್ಟೇ ನುರಿತವರಾದರೂ ಸಮುದ್ರದಲ್ಲಿ ಮೀನೇ ಇಲ್ಲದಿದ್ದರೆ ಬಲೆ ಖಾಲಿ, ಇವು ಒಂದರ ಜಾಗಕ್ಕೆ ಇನ್ನೊಂದು ಬರುವ ವಸ್ತುಗಳಲ್ಲ, ಒಂದಕ್ಕೊಂದು ಜೊತೆ ಬೇಕಾದವು ಅನ್ನೋದು ಅವರ ವಾದ. ನಾನು ಪೂರ್ತಿ ಡೇಲಿ ಕಡೆ. ಓದು ಎಷ್ಟೋ ಕೊಡುತ್ತೆ, ಆದರೆ ಅಂತರ್ಜಲ ಕೊಡಲ್ಲ. ಶಿಕ್ಷಣವನ್ನು ಕಳೆದುಹೋದ ಪ್ರಕೃತಿಗೆ ಪರಿಹಾರಧನದ ಥರ ನೋಡುವ ಈ ಕ್ರಮ ಬದಲಾಗದೆ ಪಠ್ಯಪುಸ್ತಕದಲ್ಲಿ ಏನು ಸೇರಿಸಿದರೂ ಅಷ್ಟಕ್ಕಷ್ಟೇ.

ಈಗ ಎಲ್ಲ ಕಡೆ "ಹಸಿರು ಕೌಶಲ" ಅಂತಾರಲ್ಲ, ಅದು ಎರಡನ್ನೂ ಸೇರಿಸಲ್ವಾ?

ಸ್ವಲ್ಪ ಮಟ್ಟಿಗೆ. ಸೌರ ಫಲಕ ಕೂರಿಸೋರು, ಹಳೇ ಕಟ್ಟಡದ ಶಾಖ ತಡೆಯೋರು, ಕೊಳಚೆ ನೀರು ಶುದ್ಧ ಮಾಡೋರು ಬೇಕೇ ಬೇಕು. ತರಬೇತಿ ಕೊಡಿ, ಬೇಗ ಕೊಡಿ. ಆದರೆ ಚೌಕಟ್ಟು ಹಳೆಯದೇ, ಮಾರುಕಟ್ಟೆ ಕೇಳಿದ್ದನ್ನು ಶಾಲೆ ತಯಾರಿಸಿ ಕೊಡುವುದು. ಯಾರೂ ಸಂಬಳ ಕೊಡದ ಕೆಲಸಗಳು, ಅಂದರೆ ಇದ್ದದ್ದನ್ನು ರಿಪೇರಿ ಮಾಡಿ ಬಳಸೋದು, ಬೇಡದ್ದನ್ನು ಕೊಳ್ಳದೇ ಇರೋದು, ಊರಿನ ತೀರ್ಮಾನದಲ್ಲಿ ದನಿ ಎತ್ತೋದು, ಇವು ಹಸಿರು ಕೌಶಲದ ಪಟ್ಟಿಯಲ್ಲಿ ಅಪರೂಪ.

ಆರ್ಥಿಕ ಬೆಳವಣಿಗೆ ನಿಂತ್ರೆ ಶಾಲೆಗೆ ದುಡ್ಡು ಎಲ್ಲಿಂದ ತರ್ತೀರಿ?

ಈ ಪ್ರಶ್ನೆ ಕೇಳಿದವರಿಗೆ ನನ್ನ ಮೆಚ್ಚುಗೆ, ಯಾಕಂದ್ರೆ ಬೆಳವಣಿಗೆ ಬೇಡ ಅನ್ನೋರು ಬಹಳ ಸಲ ಇದನ್ನು ಹಾರಿಸಿಬಿಡುತ್ತಾರೆ. ಶಿಕ್ಷಣದ ಬಗ್ಗೆ ಜಾಗತಿಕ ಸಭೆಯೊಂದು ಒಪ್ಪಿದ 2015ರ ಇಂಚಿಯಾನ್ ಘೋಷಣೆ ದೇಶಗಳಿಗೆ ಹೇಳಿದ್ದು ಜಿಡಿಪಿಯ ಶೇ 4ರಿಂದ 6, ಅಥವಾ ಸರ್ಕಾರಿ ಖರ್ಚಿನ ಶೇ 15ರಿಂದ 20 ಶಿಕ್ಷಣಕ್ಕೆ ಇಡಿ ಅಂತ. ಅಂದರೆ ಶಾಲೆಯ ಪಾಲನ್ನೇ ಜಿಡಿಪಿಗೆ ಕಟ್ಟಿದ್ದೇವೆ. ಜಿಡಿಪಿ ಕುಗ್ಗಿದರೆ ಪಾಲೂ ಕುಗ್ಗುತ್ತೆ.

ಇನ್ನೊಂದು ತೊಡಕೂ ಇದೆ. ಅರ್ಥಶಾಸ್ತ್ರಜ್ಞ ವಿಲಿಯಂ ಬೌಮೋಲ್ 1960ರ ದಶಕದಲ್ಲಿ ತೋರಿಸಿಕೊಟ್ಟಿದ್ದು. ಕಾರ್ಖಾನೆಯಲ್ಲಿ ಒಬ್ಬ ಕೆಲಸಗಾರ ಮಾಡುವ ಮಾಲು ವರ್ಷ ವರ್ಷ ಏರುತ್ತೆ, ಸಂಬಳ ಏರುತ್ತೆ. ಮೇಷ್ಟ್ರು ಇಪ್ಪತ್ತು ಮಕ್ಕಳಿಗೆ ಭಿನ್ನರಾಶಿ ಕಲಿಸೋಕೆ ಹಿಂದೆ ಎಷ್ಟು ಹೊತ್ತು ಬೇಕಿತ್ತೋ ಈಗಲೂ ಹೆಚ್ಚುಕಡಿಮೆ ಅಷ್ಟೇ ಬೇಕು, ಆದರೆ ಅವರ ಸಂಬಳವೂ ಏರಲೇಬೇಕು, ಇಲ್ಲಾಂದ್ರೆ ಯಾರೂ ಮೇಷ್ಟ್ರಾಗಲ್ಲ. ಹೀಗೆ ಶಿಕ್ಷಣ ಸದಾ ದುಬಾರಿಯಾಗುತ್ತಲೇ ಹೋಗುತ್ತೆ.

ನನಗೆ ಕಾಣುವ ದಾರಿ ಇದು. ಪಾಠ ಹೇಳೋದು ಮನುಷ್ಯರ ಸಮಯ ಬೇಡುವ ಕೆಲಸ, ಇಂಗಾಲ ಅಷ್ಟಾಗಿ ಬೇಡುವ ಕೆಲಸ ಅಲ್ಲ. ಹಾಗಾಗಿ ಒಟ್ಟು ಆರ್ಥಿಕತೆ ನಿಧಾನವಾದರೂ ಅದರೊಳಗೆ ಹಿಗ್ಗಬೇಕಾದ ಭಾಗ ಶಿಕ್ಷಣ. ಅದಕ್ಕೆ ಬೇರೆ ಕಡೆ ಕುಗ್ಗಿಸಬೇಕು, ತೆರಿಗೆ ಬೇರೆ ಕಡೆ ಹಾಕಬೇಕು. ಅದು ರಾಜಕೀಯ ಜಗಳ, ಸಣ್ಣದಲ್ಲ. ಬಡ ದೇಶಗಳಿಗೆ ಮಾತ್ರ ಈ ಮಾತು ಹೇಳೋಕೆ ನನಗೆ ಬಾಯಿ ಬರಲ್ಲ. ಅಲ್ಲಿ ತರಗತಿಗೆ ಚಾವಣಿ ಹಾಕಿಸೋಕೂ ಇನ್ನಷ್ಟು ಆದಾಯ ಬೇಕು.

ಸುಸ್ಥಿರತೆ ಕಲಿಸೋದೂ ಒಂಥರಾ ಬ್ರೈನ್‌ವಾಷ್ ಅಲ್ವಾ?

ಮಕ್ಕಳಿಗೆ ಘೋಷಣೆ ಕೂಗಿಸಿದರೆ ಹೌದು. ಅಷ್ಟು ಬೇಗ ಒಪ್ಪಿದ್ದಕ್ಕೆ ಕಾರಣ ಇದೆ: ಸಂಬಳವೇ ಓದಿನ ಗುರಿ ಅಂತ ಹನ್ನೆರಡು ವರ್ಷ ಹೇಳೋದೂ ಅದೇ ಜಾತಿ. ನಮಗೆ ಅದು ಅಭ್ಯಾಸ ಆಗಿಬಿಟ್ಟಿದೆ, ಹಾಗಾಗಿ ಕಿವಿಗೆ ಬೀಳಲ್ಲ.

ಪಠ್ಯದಲ್ಲಿ ಒಂದು ಅಧ್ಯಾಯ ಸೇರಿಸಿದ್ರೆ ಸಾಕಾಗಲ್ವಾ?

ಇಟಲಿ ಅದಕ್ಕಿಂತ ಮುಂದೆ ಹೋಗಿದೆ. 2020ರಿಂದ ಪೌರನೀತಿಗೆ ವರ್ಷಕ್ಕೆ ಕನಿಷ್ಠ 33 ಗಂಟೆ ಕಡ್ಡಾಯ, ಸುಸ್ಥಿರ ಅಭಿವೃದ್ಧಿ ಅದರಲ್ಲಿ ಒಂದು ಭಾಗ. ಲೆಕ್ಕ ಹಾಕಿದರೆ ವಾರಕ್ಕೆ ಹೆಚ್ಚುಕಡಿಮೆ ಒಂದು ಗಂಟೆ, ಅದರಲ್ಲಿ ಸಂವಿಧಾನಕ್ಕೂ ಡಿಜಿಟಲ್ ನಡವಳಿಕೆಗೂ ಪಾಲು ಹೋಗಬೇಕು. ಇದ್ದದ್ದು ಇಲ್ಲದ್ದಕ್ಕಿಂತ ಮೇಲು. ಆದರೆ ಕೊನೆಗೆ ಕಾಲೇಜು ಸೀಟು ಯಾವ ವಿಷಯದ ಅಂಕದ ಮೇಲೆ ಸಿಗುತ್ತೋ ಮಕ್ಕಳ ಗಮನ ಅಲ್ಲೇ ಇರುತ್ತೆ. ಪ್ರವೇಶ ಪರೀಕ್ಷೆಯನ್ನು ಮುಟ್ಟದ ಸುಧಾರಣೆಯನ್ನು ಮಕ್ಕಳು ನಮಗಿಂತ ಬೇಗ ಗುರುತಿಸುತ್ತಾರೆ.

ನಾನು ಪಾಠ ಮಾಡೋ ಮೇಷ್ಟ್ರು. ನೀತಿ ಬದಲಾಗೋ ತನಕ ಏನ್ ಮಾಡ್ಲಿ?

ಹೊಸ ವಿಷಯ ಸೇರಿಸೋಕೆ ಹೋಗಬೇಡಿ, ಸಿಲಬಸ್ ಮುಗಿಸೋಕೇ ಉಸಿರು ಸಿಗಲ್ಲ ಅಂತ ಗೊತ್ತು. ಇದ್ದ ಪಾಠದ ಲೆಕ್ಕವನ್ನೇ ಬದಲಾಯಿಸಿ. ಚಕ್ರಬಡ್ಡಿ ಪಾಠದಲ್ಲಿ ಬ್ಯಾಂಕ್ ಠೇವಣಿ ಮುಗಿದ ಮೇಲೆ ಅದೇ ಸೂತ್ರವನ್ನು ಹಿಂದಕ್ಕೆ ತಿರುಗಿಸಿ, ದರ ಬದಲಾಯಿಸುತ್ತಾ ಹೋಗಲು ಹೇಳಿ, ಈ ದರವನ್ನು ಯಾರು ನಿಗದಿ ಮಾಡಬೇಕು ಅಂತ ಕೇಳಿ ಸುಮ್ಮನಿರಿ. ಶೇಕಡಾವಾರು ಪಾಠಕ್ಕೆ ಶಾಲೆಯದೇ ಕರೆಂಟ್ ಬಿಲ್ ತನ್ನಿ: ಯಾವ ತಿಂಗಳು ಜಾಸ್ತಿ, ಯಾಕೆ, ರಜೆಯಲ್ಲೂ ಯಾಕೆ ಯೂನಿಟ್ ಓಡಿದೆ. ಬಿಲ್ ಕೊಡೋಕೆ ಆಫೀಸಿನವರು ಹಿಂದೆಮುಂದೆ ನೋಡಿದರೆ, ಮೀಟರ್ ಗೋಡೆಯ ಮೇಲೇ ಇರುತ್ತೆ, ಮಕ್ಕಳೇ ವಾರಕ್ಕೊಮ್ಮೆ ಓದಿ ಬರೆದುಕೊಳ್ಳಲಿ.